ಅಗೆದದ್ದರಲ್ಲೇ ಉಳಿದಿರುವ ಅದಿರು: ಮಲೆನಾಡಿಗೆ ಎಂಥ ಖನಿಜ ಸಂಶೋಧನೆ ಬೇಕು?

ಕುದುರೆಮುಖದ ಗಣಿಯ ಲೆಕ್ಕ ಒಂದು ಸಾಲಿನದು. ವರ್ಷಕ್ಕೆ ಸುಮಾರು 225 ಲಕ್ಷ ಟನ್ ಅದಿರು ಅಗೆದು, ಅದರಿಂದ 75 ಲಕ್ಷ ಟನ್ ಸಾಂದ್ರಿತ ಪುಡಿ ತೆಗೆಯಬೇಕು ಎಂಬುದು ಯೋಜನೆಯಾಗಿತ್ತು. ಅಗೆದ ಕಲ್ಲಿನಲ್ಲಿ ಕಬ್ಬಿಣದ ಅಂಶ ಶೇ 38ರ ಆಸುಪಾಸು, ಮಂಗಳೂರಿಗೆ ಹೋಗುತ್ತಿದ್ದ ಪುಡಿಯಲ್ಲಿ ಶೇ 67. ಈ ನಾಲ್ಕು ಅಂಕಿ ಗೊತ್ತಿದ್ದರೆ ಉಳಿದದ್ದನ್ನು ನಾವೇ ಗುಣಿಸಿ ನೋಡಬಹುದು. ಕಲ್ಲಿನೊಳಗಿದ್ದ ಕಬ್ಬಿಣ 85 ಲಕ್ಷ ಟನ್, ಕೈಗೆ ಸಿಕ್ಕದ್ದು 50 ಲಕ್ಷ ಟನ್. ಮಿಕ್ಕ 35 ಲಕ್ಷ ಟನ್ ಕಬ್ಬಿಣ 150 ಲಕ್ಷ ಟನ್ ಹೂಳಿನ (ಸಾಂದ್ರಿತ ಪುಡಿ ತೆಗೆದ ಮೇಲೆ ನೀರಿನ ಜೊತೆ ಉಳಿಯುವ ನುಣ್ಣನೆಯ ಕಲ್ಲುಪುಡಿಯ) ಜೊತೆ ಸೇರಿ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯ ಹಿಂದೆ ಹೋಗಿ ಕೂರಬೇಕಿತ್ತು. ಪ್ರತಿ ವರ್ಷ ಪೂರ್ತಿ ಸಾಮರ್ಥ್ಯದಲ್ಲಿ ಗಣಿ ನಡೆಯಲಿಲ್ಲ ನಿಜ, ಆದರೆ ಅನುಪಾತ ಬದಲಾಗುವುದಿಲ್ಲ. ಅಗೆದ ಕಬ್ಬಿಣದಲ್ಲಿ ಹೆಚ್ಚುಕಡಿಮೆ ಐದನೇ ಎರಡು ಪಾಲು ಭದ್ರೆಯ ಮಡಿಲಲ್ಲೇ ಉಳಿಯಿತು.

ಸುಪ್ರೀಂ ಕೋರ್ಟ್ 2002ರ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. 2012ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು ಎಂದು ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಗಣಿಯ ಮಾತು ಮಲೆನಾಡಿಗೆ ಮತ್ತೆ ಬರುತ್ತದೆ, ಈ ಸಲ ಪರಿಸರದ ಹೆಸರು ಹೇಳಿಕೊಂಡೇ ಬರುತ್ತದೆ.

ಕಾರಣ ಉಕ್ಕಿನ ಉದ್ಯಮದಲ್ಲಿದೆ. ಕಲ್ಲಿದ್ದಲು ಬಿಟ್ಟು ಜಲಜನಕದಿಂದ ಕಬ್ಬಿಣ ತೆಗೆಯುವ ಪ್ರಯೋಗಗಳು ಜಗತ್ತಿನ ಹಲವೆಡೆ ನಡೆದಿವೆ. ಸ್ವೀಡನ್ನಿನ ಲುಲಿಯೊ ಪಟ್ಟಣದ ಹೈಬ್ರಿಟ್ ಘಟಕ 2021ರಲ್ಲೇ ಹಾಗೆ ಕಬ್ಬಿಣ ತೆಗೆದು ತೋರಿಸಿತು. ಊದುಕುಲುಮೆಯಲ್ಲಾದರೆ ಅದಿರಿನ ಕೊಳೆಯೆಲ್ಲ ಕಿಟ್ಟವಾಗಿ ಹರಿದು ಹೋಗುತ್ತದೆ. ಜಲಜನಕದ ವಿಧಾನದಲ್ಲಿ ಕಬ್ಬಿಣ ಕರಗುವುದೇ ಇಲ್ಲ, ಗಟ್ಟಿಯಾಗಿದ್ದಂತೆಯೇ ಆಮ್ಲಜನಕ ಕಳೆದುಕೊಳ್ಳುತ್ತದೆ. ಅದಿರಿನಲ್ಲಿದ್ದ ಮರಳಿನಂಶ ಕಬ್ಬಿಣದ ಜೊತೆಗೇ ಉಳಿದುಬಿಡುತ್ತದೆ. ಹಾಗಾಗಿ ಆ ಕುಲುಮೆಗೆ ಶೇ 67ರಷ್ಟು ಕಬ್ಬಿಣವಿರುವ ಶುದ್ಧ ಪೆಲೆಟ್, ಅಂದರೆ ಅದಿರಿನ ಪುಡಿಯನ್ನು ಉಂಡೆ ಕಟ್ಟಿ ಸುಟ್ಟದ್ದು, ಬೇಕು. ಅಂಥ ಪೆಲೆಟ್ಟಿಗೆ ಹೇಳಿ ಮಾಡಿಸಿದ ಅದಿರು ಮ್ಯಾಗ್ನೆಟೈಟ್. ಕಾಂತಕ್ಕೆ ಅಂಟಿಕೊಳ್ಳುವುದರಿಂದ ಬೇರ್ಪಡಿಸುವುದು ಸುಲಭ, ಪೆಲೆಟ್ ಸುಡುವಾಗ ತಾನೇ ಶಾಖ ಬಿಡುವುದರಿಂದ ಇಂಧನವೂ ಉಳಿಯುತ್ತದೆ. ಭಾರತದ ಮ್ಯಾಗ್ನೆಟೈಟ್ ನಿಕ್ಷೇಪದಲ್ಲಿ ಸುಮಾರು ಮುಕ್ಕಾಲು ಪಾಲು ಇರುವುದು ಕರ್ನಾಟಕದಲ್ಲಿ, ಅದರಲ್ಲಿ ಬಹುಪಾಲು ಘಟ್ಟದ ಕಾಡಿನ ಅಡಿಯಲ್ಲಿ. ಹಸಿರು ಉಕ್ಕು ಬೇಕೆನ್ನುವವರ ಕಣ್ಣು ಒಂದಲ್ಲ ಒಂದು ದಿನ ಇತ್ತ ಬೀಳಲೇಬೇಕು.

ಹೀಗಾಗಿ, ಅದಿರು ಸಂಸ್ಕರಣೆಯಲ್ಲಿ ನಡೆಯುತ್ತಿರುವ ಸಂಶೋಧನೆ ಏನು, ಅದರಲ್ಲಿ ನಮ್ಮ ನೆಲಕ್ಕೆ ಹೊಂದುವುದು ಯಾವುದು ಎಂಬುದನ್ನು ಶಿವಮೊಗ್ಗ, ಚಿಕ್ಕಮಗಳೂರಿನ ಜನ ಈಗಲೇ ತಿಳಿದಿರಬೇಕು. ಅರ್ಜಿ ಬಂದ ಮೇಲೆ ಓದಲು ಕೂತರೆ ತಡವಾಗುತ್ತದೆ.

ಬಾಬಾಬುಡನ್ ಗಿರಿಯ ಕಡೆಯ ಅದಿರಿನ ಒಂದು ತುಂಡನ್ನು ಒಡೆದು ನೋಡಿದರೆ ತೊಡಕು ಕಣ್ಣಿಗೇ ಕಾಣುತ್ತದೆ. ಕಪ್ಪು ಗೆರೆ, ಬಿಳಿ ಅಥವಾ ಕೆಂಪು ಗೆರೆ, ಮತ್ತೆ ಕಪ್ಪು ಗೆರೆ. ಕೆಲವು ಗೆರೆ ಬೆರಳಗಲ, ಕೆಲವು ಕೂದಲೆಳೆಯಷ್ಟು. ಕಪ್ಪು ಕಬ್ಬಿಣ, ಉಳಿದದ್ದು ಬೆಣಚು. ಕೈಯಲ್ಲಿ ಹಿಡಿದರೆ ಭಾರ, ಒಡೆದ ಅಂಚು ಬೆರಳು ಕೊಯ್ಯುವಷ್ಟು ಚೂಪು. ಕಪ್ಪು ಗೆರೆಯೆಂದು ಕಂಡದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅದರೊಳಗೂ ಬೆಣಚಿನ ಕಣಗಳಿರುತ್ತವೆ. ಎರಡೂ ಪೂರ್ತಿ ಬಿಡಿಸಿಕೊಳ್ಳಬೇಕಾದರೆ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯಲೇಬೇಕು.

ಖರ್ಚು ಇರುವುದು ಈ ಅರೆಯುವುದರಲ್ಲಿ. ಜಗತ್ತಿನಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಶೇ 3ರ ಆಸುಪಾಸು ಗಣಿಗಳ ಕಲ್ಲು ಒಡೆದು ಅರೆಯುವುದಕ್ಕೇ ಹೋಗುತ್ತದೆ ಎಂಬ ಅಂದಾಜಿದೆ. ನುಣ್ಣಗೆ ಅರೆದಷ್ಟೂ ನೀರು ಜಾಸ್ತಿ ಬೇಕು, ಉಳಿಯುವ ಹೂಳು ನೀರನ್ನು ಬಿಟ್ಟುಕೊಡುವುದೂ ನಿಧಾನ. ಆದ್ದರಿಂದ ಈಗಿನ ಸಂಶೋಧನೆಯ ದೊಡ್ಡ ಪಾಲು, ಬೇಡದ ಕಲ್ಲನ್ನು ಅರೆಯುವ ಮೊದಲೇ ಹೊರಹಾಕುವುದು ಹೇಗೆ ಎಂಬುದರ ಸುತ್ತ ಇದೆ. ಬೆಲ್ಟಿನ ಮೇಲೆ ಹೋಗುವ ಕಲ್ಲುಗಳನ್ನು ಎಕ್ಸ್‌ರೇ ಹಾಯಿಸಿ ನೋಡಿ, ಗಾಳಿಯ ಹೊಡೆತದಿಂದ ಬೇಡದ್ದನ್ನು ಪಕ್ಕಕ್ಕೆ ತಳ್ಳುವ ಯಂತ್ರಗಳು ಬಂದಿವೆ. ಮ್ಯಾಗ್ನೆಟೈಟ್ ಆದರೆ ದಪ್ಪ ಚೂರುಗಳ ಹಂತದಲ್ಲೇ ಒಣ ಕಾಂತದಿಂದ ಬೇರ್ಪಡಿಸಬಹುದು. ಉಕ್ಕಿನ ಗುಂಡುಗಳ ಜೊತೆ ಉರುಳಿಸಿ ಅರೆಯುವ ಬಾಲ್ ಮಿಲ್ಲಿನ ಜಾಗದಲ್ಲಿ ಎರಡು ಉರುಳೆಗಳ ನಡುವೆ ಭಾರಿ ಒತ್ತಡದಲ್ಲಿ ಕಲ್ಲನ್ನು ಹಿಸುಕಿ ಪುಡಿಮಾಡುವ ಯಂತ್ರ ವಿದ್ಯುತ್ ಉಳಿಸುತ್ತದೆ. ತಾಮ್ರದ ಗಣಿಗಳಲ್ಲಿ ದಪ್ಪ ಕಣಗಳನ್ನೇ ನೊರೆಯಲ್ಲಿ ತೇಲಿಸಿ ಎತ್ತುವ ವಿಧಾನ ಪ್ರಯೋಗಶಾಲೆ ದಾಟಿ ಕಾರ್ಖಾನೆಗೆ ಬಂದಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ, ಇವುಗಳ ಬಗ್ಗೆ ನನ್ನ ತಕರಾರಿಲ್ಲ. ಗೆರೆ ಕೂದಲೆಳೆಯಷ್ಟು ಸಣ್ಣದಿರುವ ಅದಿರಿನಲ್ಲಿ ಮಾತ್ರ ಮೊದಲೇ ಆರಿಸುವುದಕ್ಕೆ ಮಿತಿಯಿದೆ.

ಹೂಳಿನ ವಿಷಯಕ್ಕೆ ಬಂದರೆ ಮಾತು ಪೂರ್ತಿ ಬೇರೆಯಾಗುತ್ತದೆ, ಏಕೆಂದರೆ ಇಲ್ಲಿ ಯಂತ್ರಕ್ಕಿಂತ ಮಳೆ ದೊಡ್ಡದು.

2019ರ ಜನವರಿ 25ರಂದು ಬ್ರೆಜಿಲ್ಲಿನ ಬ್ರುಮಾಡಿನೊದಲ್ಲಿ ಕಬ್ಬಿಣದ ಗಣಿಯ ಹೂಳಿನ ಕಟ್ಟೆ ಒಡೆದು 270 ಜನ ಸತ್ತರು. ಅದಕ್ಕೆ ಹೂಳು ಹಾಕುವುದು ನಿಂತು ಎರಡೂವರೆ ವರ್ಷವಾಗಿತ್ತು. ಆ ದುರಂತದ ನಂತರ, 2020ರ ಆಗಸ್ಟಿನಲ್ಲಿ, ಹೂಳಿನ ಕಟ್ಟೆಗಳಿಗೆ ಜಾಗತಿಕ ಮಾನದಂಡವೊಂದು ಬಂತು. ಸಂಶೋಧಕರೂ ಕಂಪನಿಗಳೂ ಹೂಳನ್ನು ನೀರಿನ ಸಮೇತ ಕಟ್ಟೆಗೆ ಬಿಡುವ ಬದಲು, ಒತ್ತಿ ನೀರು ಹಿಂಡಿ ಒದ್ದೆ ಮಣ್ಣಿನಂತೆ ಮಾಡಿ ಪದರ ಪದರವಾಗಿ ಪೇರಿಸುವ ವಿಧಾನಕ್ಕೆ ಹೆಚ್ಚು ಒತ್ತು ಕೊಟ್ಟರು. ಶೇ 15ರ ಆಸುಪಾಸಿಗೆ ತೇವ ಇಳಿಸಿ ರೋಲರ್ ಹೊಡೆದರೆ ಗಟ್ಟಿ ದಿಬ್ಬವಾಗುತ್ತದೆ. ಹಿಂಡಿದ ನೀರು ಮತ್ತೆ ಗಿರಣಿಗೆ ಹೋಗುತ್ತದೆ. ಅಣೆಕಟ್ಟೆಯೇ ಬೇಡ. ಸುಸ್ಥಿರ ಗಣಿಗಾರಿಕೆಯ ಬಗ್ಗೆ ಇಂದು ಯಾವ ವರದಿ ತೆರೆದರೂ ಈ ಒಣ ಪೇರಿಕೆಯ ಹೆಸರು ಮೊದಲ ಸಾಲಿನಲ್ಲೇ ಇರುತ್ತದೆ.

ಇದು ಚೆನ್ನಾಗಿ ನಡೆದಿರುವುದು ಚಿಲಿಯ ಮರುಭೂಮಿಯಂಥ ಒಣ ನಾಡುಗಳಲ್ಲಿ. ಬಳ್ಳಾರಿ, ಸಂಡೂರಿನಂಥ ಕಡೆ ನಮ್ಮಲ್ಲೂ ನಡೆದೀತು. ಕುದುರೆಮುಖದಲ್ಲಿ ವರ್ಷಕ್ಕೆ ಬೀಳುವ ಮಳೆ ಏಳು ಸಾವಿರ ಮಿಲಿಮೀಟರಿನ ಹತ್ತಿರ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಹದಿನೈದು ದಿನ ಬಿಸಿಲು ಕಾಣದ ಊರು ಅದು. ಶೇ 15ಕ್ಕೆ ಹಿಂಡಿದ ಹೂಳನ್ನು ಅಂಥ ಮಳೆಯಲ್ಲಿ ಬಯಲಿಗೆ ಹಾಕಿದರೆ ರೋಲರ್ ಹೊಡೆಯುವ ಮೊದಲೇ ಅದು ಮತ್ತೆ ಕೆಸರು. ಮೇಲೆ ಚಪ್ಪರ ಹಾಕಿ ನಾಲ್ಕು ತಿಂಗಳ ಹೂಳನ್ನು ಒಳಗಿಟ್ಟುಕೊಳ್ಳುತ್ತೇವೆ ಎನ್ನಬಹುದು. ವರ್ಷಕ್ಕೆ 150 ಲಕ್ಷ ಟನ್ ಎಂದರೆ ಮಳೆಗಾಲದ ನಾಲ್ಕು ತಿಂಗಳಿಗೇ 50 ಲಕ್ಷ ಟನ್, ಅಷ್ಟನ್ನು ಯಾವ ಚಪ್ಪರದಡಿ ಇಡುವುದು? ಇಳಿಜಾರಿನಲ್ಲಿ ಪೇರಿಸಿದ ದಿಬ್ಬದ ಮೈಯಿಂದ ನುಣ್ಣನೆಯ ಪುಡಿ ತೊಳೆದು ಹೋಗುವುದಂತೂ ತಪ್ಪುವುದಿಲ್ಲ. ಹಿಂದೆ ಗಣಿ ನಡೆಯುತ್ತಿದ್ದಾಗ ಭದ್ರೆ ಕೆಂಪಾಗಿ ಹರಿದದ್ದು, ಗಣಿಯ ಸಣ್ಣ ಪ್ರದೇಶದಿಂದ ನದಿಗೆ ಅಳತೆ ಮೀರಿ ಹೂಳು ಸೇರುತ್ತಿದ್ದದ್ದು ಆಗಿನ ಹೋರಾಟಕ್ಕೂ ಅಧ್ಯಯನಗಳಿಗೂ ಮುಖ್ಯ ವಸ್ತುವಾಗಿತ್ತು. ಆ ನೀರೇ ಕೆಳಗೆ ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ, ಅಲ್ಲಿಂದ ಭದ್ರಾವತಿ, ಚನ್ನಗಿರಿ, ದಾವಣಗೆರೆಯ ಗದ್ದೆ ತೋಟಗಳಿಗೆ ಬರುವುದು.

ಒಂದು ನೆಲದಲ್ಲಿ ಗೆದ್ದ ತಂತ್ರಜ್ಞಾನವನ್ನು ಇನ್ನೊಂದು ನೆಲಕ್ಕೆ ಶಿಫಾರಸು ಪತ್ರದಂತೆ ತರಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಕಾಡನ್ನು ಸೀಳಿ ಹೊಸದಾಗಿ ಅಗೆಯುವುದಕ್ಕೆ ಯಾವ ಹಸಿರು ಸಂಸ್ಕರಣೆಯೂ ಪರವಾನಗಿ ಆಗಬಾರದು. ಆದರೆ ಈ ಸಂಶೋಧನೆಯನ್ನೇ ದೂರವಿಡಬೇಕು ಎನ್ನುವವರ ಜೊತೆಗೂ ನಾನಿಲ್ಲ. ಅದು ನಮಗೆ ಬಹಳ ಬೇಕಾದದ್ದು, ಈಗಾಗಲೇ ನೆಲದಿಂದ ಮೇಲೆ ಬಂದು ಬಿದ್ದಿರುವುದಕ್ಕೆ. ಗಣಿಯ ಬಾಯಲ್ಲಿ ಕಡಿಮೆ ದರ್ಜೆ ಎಂದು ಗುಡ್ಡೆ ಹಾಕಿದ ಅದಿರು, ಕುಮ್ಸಿಯ ಕಡೆಯಂಥ ಹಳೆಯ ಮ್ಯಾಂಗನೀಸ್ ಗಣಿಗಳ ಬಳಿ ಬಿಟ್ಟುಹೋದ ಮಣ್ಣು, ಉಕ್ಕಿನ ಕಾರ್ಖಾನೆಯ ಕಿಟ್ಟ, ಹೂಳು.

ಈ ದೃಷ್ಟಿಯಿಂದ ನನಗೆ ಅತಿ ಆಸಕ್ತಿ ಹುಟ್ಟಿಸಿರುವುದು ಭದ್ರಾವತಿಗೆ ನೇರ ಸಂಬಂಧಪಟ್ಟ ಒಂದು ದಾರಿ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಸಂಡೂರು, ಚಿತ್ರದುರ್ಗದ ಕಡೆ ಬಿದ್ದಿರುವ ಕಡಿಮೆ ದರ್ಜೆಯ ಅದಿರು ಹೆಚ್ಚಾಗಿ ಹೆಮಟೈಟ್. ಅದು ಕಾಂತಕ್ಕೆ ಸುಲಭವಾಗಿ ಅಂಟುವುದಿಲ್ಲ, ಆದ್ದರಿಂದ ನುಣ್ಣನೆಯ ಹೆಮಟೈಟ್ ನೀರಿನ ಜೊತೆ ಹೂಳಿಗೆ ಹೋಗಿಬಿಡುತ್ತದೆ. ಅದನ್ನು 500ರಿಂದ 800 ಡಿಗ್ರಿ ಶಾಖದಲ್ಲಿ ಸ್ವಲ್ಪ ಇಂಗಾಲದ ಜೊತೆ ಹುರಿದರೆ ಮ್ಯಾಗ್ನೆಟೈಟ್ ಆಗಿ ಬದಲಾಗುತ್ತದೆ. ಆಮೇಲೆ ಸಾಧಾರಣ ಕಾಂತವೇ ಸಾಕು, ಮೊರದಲ್ಲಿ ಕೇರಿದಂತೆ ಕಾಳು ಜೊಳ್ಳು ಬೇರೆ. ಹಳೆಯ ರಸಾಯನಶಾಸ್ತ್ರವೇ ಇದು. ಹೊಸತು ಏನೆಂದರೆ ಕಲ್ಲಿದ್ದಲಿನ ಬದಲು ಕೃಷಿ ತ್ಯಾಜ್ಯದ ಇಂಗಾಲ ಬಳಸಿ ನಡೆಯುತ್ತಿರುವ ಪ್ರಯೋಗಗಳು. ಭತ್ತದ ಹೊಟ್ಟು, ಮರದ ಪುಡಿ ಮುಂತಾದವನ್ನು ಬಳಸಿ ಭಾರತದಲ್ಲೂ ಹೊರಗೂ ಸಂಶೋಧನೆ ನಡೆದಿದೆ.

ಇದಕ್ಕೆ ಬೇಕಾಗುವ ಇಂಗಾಲ ಎಷ್ಟು? ಹೆಮಟೈಟನ್ನು ಪೂರ್ತಿ ಕಬ್ಬಿಣ ಮಾಡಲು ಲೆಕ್ಕದ ಪ್ರಕಾರ ಟನ್ನಿಗೆ ಸುಮಾರು 113 ಕೆ.ಜಿ. ಇಂಗಾಲ ಬೇಕು. ಮ್ಯಾಗ್ನೆಟೈಟ್ ಮಾಡಿ ನಿಲ್ಲಿಸಿದರೆ ಹನ್ನೆರಡೂವರೆ ಕೆ.ಜಿ. ಸಾಕು, ಒಂಬತ್ತನೇ ಒಂದು ಪಾಲು. ಇದು ಕಾಗದದ ಮೇಲಿನ ರಸಾಯನ ಲೆಕ್ಕ. ಕುಲುಮೆಯಲ್ಲಿ ಇದರ ಹಲವು ಪಟ್ಟು ಬೇಕಾಗುತ್ತದೆ, ಕಾಯಿಸುವ ಉರಿಯ ಖರ್ಚು ಬೇರೆ. ಆದರೂ ಮರದಿಂದ ಉಕ್ಕು ಮಾಡುವುದಕ್ಕೂ ತ್ಯಾಜ್ಯದಿಂದ ಅದಿರು ಹುರಿಯುವುದಕ್ಕೂ ಎಷ್ಟು ಅಂತರ ಎಂಬುದನ್ನು ಈ ಒಂಬತ್ತು ಪಟ್ಟು ತೋರಿಸುತ್ತದೆ.

ಆ ಅಂತರ ಭದ್ರಾವತಿಗೆ ಚೆನ್ನಾಗಿ ಗೊತ್ತಿರಬೇಕು. ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ರೂಪುಗೊಂಡು 1923ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ ನಡೆದದ್ದು ಸುತ್ತಲಿನ ಕಾಡಿನ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಇಳಿದು ಬರುತ್ತಿತ್ತು. ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಬಂದವು. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬಿದಾಗ, ಈಗ ವಿಐಎಸ್ಎಲ್ ಎನಿಸಿಕೊಂಡಿರುವ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಅದರ ಒಡೆತನ ಹೊಂದಿರುವ ಕೇಂದ್ರ ಸರ್ಕಾರದ ಉಕ್ಕು ಕಂಪನಿ ಸೈಲ್ ಮಾಡಿತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ರೋಲಿಂಗ್ ವಿಭಾಗದ ಕೆಲಸ ಮತ್ತೆ ಶುರುವಾಯಿತು. ಸ್ವಂತ ಅದಿರಿಲ್ಲದ, ಬಂದರಿನಿಂದ ದೂರದ ಈ ಸಣ್ಣ ಕಾರ್ಖಾನೆಯನ್ನು ತೋರಣಗಲ್ಲಿನ ದೊಡ್ಡ ಕುಲುಮೆಗಳ ಎದುರು ನಿಲ್ಲಿಸಿ ಗೆಲ್ಲು ಎನ್ನುವುದು ಅನ್ಯಾಯ. ಅದಕ್ಕೆ ಬೇರೆಯದೇ ಕೆಲಸ ಬೇಕು. ಕಡಿಮೆ ದರ್ಜೆಯ ಅದಿರನ್ನು ಕೃಷಿ ತ್ಯಾಜ್ಯದಿಂದ ಹುರಿದು ಮೇಲ್ದರ್ಜೆಗೆ ಏರಿಸುವ ಪ್ರಾಯೋಗಿಕ ಘಟಕಕ್ಕೆ ನೂರು ವರ್ಷದ ಕುಲುಮೆ ಅನುಭವವಿರುವ ಊರಿಗಿಂತ ಒಳ್ಳೆಯ ಜಾಗ ಎಲ್ಲಿದೆ?

ಇಂಗಾಲವೂ ಮನೆ ಬಾಗಿಲಲ್ಲೇ ಇದೆ. ದಸರಾ ಕಳೆದು ಅಡಿಕೆ ಸುಲಿಯುವ ಯಂತ್ರಗಳು ಶುರುವಾದ ಮೇಲೆ ಭದ್ರಾವತಿ, ಚನ್ನಗಿರಿ, ಶಿವಮೊಗ್ಗದ ರಸ್ತೆಗಳ ಪಕ್ಕ ಓಡಾಡಿ ನೋಡಿ. ಹಸಿ ಸಿಪ್ಪೆಯ ಗುಡ್ಡೆಗಳು, ಕೆಲವಕ್ಕೆ ಬೆಂಕಿ, ಸಂಜೆ ರಸ್ತೆ ತುಂಬ ಹೊಗೆ. ಅದೇ ಹೊಗೆಯಲ್ಲಿ ಬೈಕುಗಳು ಬಿದ್ದದ್ದೂ ಉಂಟು. ಅಡಿಕೆ ಸಿಪ್ಪೆ ಗೊಬ್ಬರವಾಗಿ, ಮುಚ್ಚಿಗೆಯಾಗಿ ತೋಟಕ್ಕೆ ವಾಪಸ್ ಹೋಗುವುದೇ ಒಳ್ಳೆಯದು, ಅದರಲ್ಲಿ ಪೊಟ್ಯಾಷ್ ಇದೆ. ನಾನು ಹೇಳುತ್ತಿರುವುದು ತೋಟಕ್ಕೆ ಹೋಗದೆ ರಸ್ತೆ ಬದಿ ಸುಟ್ಟು ಹೋಗುವ ಪಾಲಿನ ಬಗ್ಗೆ. ತೊಡಕುಗಳಿವೆ. ಸಿಪ್ಪೆ ಹಗುರ, ಲಾರಿ ತುಂಬಿದರೂ ತೂಕ ಬರುವುದಿಲ್ಲ, ಒಣಗಿಸಬೇಕು, ಸುಗ್ಗಿ ನಾಲ್ಕೈದು ತಿಂಗಳಷ್ಟೇ. ಊರಲ್ಲೇ ಇದ್ದಿಲು ಮಾಡಿ ಸಾಗಿಸಿದರೆ ಮಾತ್ರ ಗಿಟ್ಟೀತು. ಅದರ ಬೂದಿಯ ಕ್ಷಾರ ಊದುಕುಲುಮೆಗೆ ಒಳ್ಳೆಯದಲ್ಲ. ಆದರೆ ಹುರಿಯುವ ವಿಧಾನದಲ್ಲಿ ಆ ಬೂದಿಯ ಬಹುಪಾಲು ಕಾಂತದ ಹಂತದಲ್ಲೇ ಬೇರೆಯಾಗಿಬಿಡುತ್ತದೆ ಎಂಬುದು ಈ ದಾರಿಯ ಒಂದು ಅನುಕೂಲ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಗಣಿ ವಿಭಾಗವಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಜಮ್ಶೆಡ್‌ಪುರ ಮತ್ತು ಭುವನೇಶ್ವರದ ರಾಷ್ಟ್ರೀಯ ಪ್ರಯೋಗಾಲಯಗಳಿಗೆ ಇಂಥ ಕೆಲಸದ ಅನುಭವವಿದೆ. ಜನರನ್ನು ಒಂದೇ ಮೇಜಿಗೆ ಕೂರಿಸುವವರು ಬೇಕು.

ಸೂಕ್ಷ್ಮಜೀವಿಗಳಿಂದ ಅದಿರು ಶುದ್ಧಿ ಮಾಡುವ ಸಂಶೋಧನೆಯಲ್ಲೂ ಕರ್ನಾಟಕ ಹಿಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಎ. ನಟರಾಜನ್ ಮತ್ತು ಸಂಗಡಿಗರು ಕಬ್ಬಿಣದ ಅದಿರು, ಬಾಕ್ಸೈಟುಗಳಿಂದ ಬೇಡದ ಅಂಶ ತೆಗೆಯಲು ಮಣ್ಣಿನ ಬ್ಯಾಕ್ಟೀರಿಯಾ ಬಳಸಿ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ವಿಷಕಾರಿ ರಾಸಾಯನಿಕ ಕಡಿಮೆಯಾಗುವುದು ದೊಡ್ಡ ಲಾಭ, ನಿಧಾನ ಎಂಬುದು ದೊಡ್ಡ ಕೊರತೆ. ಬಯಲಿನಲ್ಲಿ ರಾಶಿ ಹಾಕಿ ಬ್ಯಾಕ್ಟೀರಿಯಾದಿಂದ ಲೋಹ ಕರಗಿಸುವ ವಿಧಾನಕ್ಕೆ ಮಲೆನಾಡಿನ ಮಳೆ ಇಲ್ಲೂ ಅಡ್ಡಿಯೇ. ತೊಟ್ಟಿಯೊಳಗೆ ಮಾಡುವುದಾದರೆ ಸರಿ.

ಇನ್ನೊಂದು ಊರಿನ ಹೆಸರು ಹೇಳಬೇಕು. ಚನ್ನಗಿರಿ ತಾಲ್ಲೂಕಿನ ಮಸಣಿಕೆರೆ, ಉಬ್ರಾಣಿಯ ಕಡೆ ಕಬ್ಬಿಣ, ಟೈಟಾನಿಯಂ, ವನೇಡಿಯಂ ಒಟ್ಟಿಗಿರುವ ಕಪ್ಪು ಅದಿರಿದೆ. 1997ರವರೆಗೂ ಅದು ಶಿವಮೊಗ್ಗ ಜಿಲ್ಲೆಯೇ. ಕೇಂದ್ರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ವನೇಡಿಯಂ ಮತ್ತು ಟೈಟಾನಿಯಂ ಎರಡೂ ಇವೆ. 2025ರ ಜನವರಿಯಲ್ಲಿ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್ನಿಗೆ ಒಪ್ಪಿಗೆ ಸಿಕ್ಕ ಮೇಲೆ ಇಂಥ ಅದಿರಿನ ಮೇಲೆ ಎಲ್ಲರಿಗೂ ಆಸೆ. ವನೇಡಿಯಂ ತೆಗೆಯುವ ರೂಢಿಯ ವಿಧಾನ ಮಾತ್ರ ಕೊಳಕು. ಸೋಡಾ ಅಥವಾ ಉಪ್ಪಿನ ಜೊತೆ ಅದಿರನ್ನು ಹುರಿದು, ನೀರಿನಲ್ಲಿ ತೊಳೆದು, ಅಮೋನಿಯಂ ಲವಣ ಹಾಕಿ ಇಳಿಸುತ್ತಾರೆ. ಉಳಿಯುವುದು ಅಮೋನಿಯಾ ತುಂಬಿದ ಉಪ್ಪುನೀರು, ಅದಿರಿನಲ್ಲಿ ಕ್ರೋಮಿಯಂ ಇದ್ದರೆ ಅದರ ವಿಷಕಾರಿ ರೂಪ, ಮತ್ತು ಸೋಡಿಯಂ ಸೇರಿ ಊದುಕುಲುಮೆಗೆ ಬಾರದ ಕಬ್ಬಿಣ. ಸೋಡಾ ಬದಲು ಸುಣ್ಣ ಬಳಸುವ, ಹುರಿಯದೆ ನೇರ ಆಮ್ಲದಲ್ಲಿ ಕರಗಿಸುವ ಸಂಶೋಧನೆಗಳು ಈ ಕೊಳಕನ್ನು ತಗ್ಗಿಸಲೆಂದೇ ನಡೆದಿವೆ. ಚನ್ನಗಿರಿ ಸೀಮೆ ಸೂಳೆಕೆರೆಯ, ಭದ್ರಾ ನಾಲೆಯ ಸೀಮೆ. ಅಲ್ಲಿನ ರೈತರು ಕೇಳಬೇಕಾದ ಮೊದಲ ಪ್ರಶ್ನೆ ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಉದ್ಯೋಗ ಎಷ್ಟು ಎಂಬುದು ಎರಡನೆಯದು.

ಈ ಮಿಷನ್ನಿನಲ್ಲಿ ನನಗೆ ನಿಜಕ್ಕೂ ಸಂತೋಷ ಕೊಟ್ಟ ಭಾಗ ಬೇರೆ. ಗಣಿಯ ಮೇಲ್ಮಣ್ಣು, ಹೂಳು, ಹಾರುಬೂದಿಯಂಥ ತ್ಯಾಜ್ಯದಿಂದ ಖನಿಜ ತೆಗೆಯುವ ಪ್ರಾಯೋಗಿಕ ಯೋಜನೆಗಳಿಗೆಂದೇ ನೂರು ಕೋಟಿ ರೂಪಾಯಿ ಬೇರೆ ಇಟ್ಟಿದ್ದಾರೆ. ಒಟ್ಟು ಮೊತ್ತದಲ್ಲಿ ಅದು ಶೇ 1ಕ್ಕೂ ಕಡಿಮೆ. ದಿಕ್ಕು ಸರಿಯಿದೆ, ಹಣ ಸಾಲದು.

ಹಾಗಾದರೆ ಲಕ್ಯಾದ ಹೂಳು? ಮೊದಲು ಮಾಡಿದ ಲೆಕ್ಕದ ಪ್ರಕಾರ ಅದರಲ್ಲಿ ಶೇ 23ರ ಹತ್ತಿರ ಕಬ್ಬಿಣವಿದೆ, ಹದಿನೈದು ಕೋಟಿ ಟನ್ನಿಗೂ ಮೀರಿದ ಹೂಳದು. ಮೇಲೆ ಬಂದು ಬಿದ್ದಿರುವುದನ್ನೇ ಬಳಸಿ ಎನ್ನುವ ನಾನು ಅದನ್ನೂ ತೆಗೆಯಿರಿ ಎನ್ನಬೇಕಲ್ಲವೇ? ಇಲ್ಲ, ಅದಕ್ಕೆ ಕಾರಣವಿದೆ. ಆ ಹೂಳಿರುವುದು ರಾಷ್ಟ್ರೀಯ ಉದ್ಯಾನದ ಮಧ್ಯೆ, ನೂರು ಮೀಟರಿನಷ್ಟು ಎತ್ತರದ ಮಣ್ಣಿನ ಕಟ್ಟೆಯ ಹಿಂದೆ. ಅದನ್ನು ಬಗೆಯಲು ಮತ್ತೆ ರಸ್ತೆ, ವಿದ್ಯುತ್, ಲಾರಿ, ಗಿರಣಿ ಎಲ್ಲವೂ ಒಳಗೆ ಹೋಗಬೇಕು. ಕಬ್ಬಿಣ ತೆಗೆದ ಮೇಲೂ ಮೂರನೇ ಎರಡು ಪಾಲಿಗಿಂತ ಹೆಚ್ಚು ಹೂಳು ಅಲ್ಲೇ ಉಳಿಯುತ್ತದೆ, ಮೊದಲಿಗಿಂತ ನುಣ್ಣಗಾಗಿ. ಎರಡು ದಶಕದಿಂದ ನೆಲೆ ನಿಂತ ಹೂಳನ್ನು ಅಂಥ ಮಳೆಯ ಊರಲ್ಲಿ ಕದಡುವ ಅಪಾಯಕ್ಕೆ ಹೋಲಿಸಿದರೆ ಸಿಗುವ ಕಬ್ಬಿಣ ಸಣ್ಣದು. ಲಕ್ಯಾ ಒಡೆಯುತ್ತದೆ ಎಂದು ಹೆದರಿಸಲು ಬ್ರುಮಾಡಿನೊ ಹೆಸರು ಎತ್ತಿದ್ದಲ್ಲ. ಹೂಳು ಹಾಕುವುದು ನಿಂತ ಮಾತ್ರಕ್ಕೆ ಕಟ್ಟೆಯ ಕಾವಲು ನಿಲ್ಲಬಾರದು ಎಂಬುದಕ್ಕೆ. ಲಕ್ಯಾಕ್ಕೆ ಬೇಕಾದ ಸಂಶೋಧನೆ ಎಂದರೆ ಒಳನೀರಿನ ಮಟ್ಟ ಅಳೆಯುವುದು, ಕೋಡಿಯ ಸಾಮರ್ಥ್ಯ ಪರೀಕ್ಷಿಸುವುದು, ಹೂಳಿನ ಮೇಲೆ ಸ್ಥಳೀಯ ಹುಲ್ಲು ಗಿಡ ನಿಲ್ಲಿಸುವುದು, ಮತ್ತು ಆ ಅಳತೆಗಳನ್ನು ವರ್ಷ ವರ್ಷ ಕಳಸ, ಬಾಳೆಹೊನ್ನೂರಿನ ಜನರಿಗೆ ತಿಳಿಸುವುದು.

2024ರ ಜುಲೈನಲ್ಲಿ ಕೇಂದ್ರ ಹೊರಡಿಸಿದ ಪಶ್ಚಿಮ ಘಟ್ಟದ ಪರಿಸರಸೂಕ್ಷ್ಮ ಪ್ರದೇಶದ ಕರಡು ಗಣಿಗಾರಿಕೆಯನ್ನು ನಿಷೇಧಿಸುತ್ತದೆ. ರಾಜ್ಯ ಸರ್ಕಾರ ಅದನ್ನು ಒಪ್ಪಿಲ್ಲ. ತೋಟ, ಮನೆ, ಕೊಟ್ಟಿಗೆಗೆ ತೊಂದರೆಯಾದೀತೆಂಬ ನಮ್ಮ ಊರವರ ಭಯ ನನಗೆ ಅರ್ಥವಾಗುತ್ತದೆ, ಅದಕ್ಕೆ ಸರ್ಕಾರ ಸ್ಪಷ್ಟ ಉತ್ತರ ಕೊಡಲೇಬೇಕು. ಆದರೆ ಆ ಕರಡನ್ನು ಇಡಿಯಾಗಿ ವಿರೋಧಿಸುವಾಗ ಗಣಿ ನಿಷೇಧದ ಆ ಒಂದು ಸಾಲನ್ನೂ ಅದರ ಜೊತೆ ಬಿಟ್ಟುಕೊಡಬೇಡಿ. ಸಾಗರ ತಾಲ್ಲೂಕಿನ ಅಂಬಾರಗುಡ್ಡಕ್ಕೆ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ರಕ್ಷಣೆ ಸಿಕ್ಕಿದ್ದು ಗಣಿಯ ವಿರುದ್ಧ ಜನ ಎದ್ದು ನಿಂತದ್ದರಿಂದ.

ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ವಿಚಾರಣೆಗೆ ಮೊದಲು ಯೋಜನೆಯ ಸಾರಾಂಶವನ್ನು ಕನ್ನಡದಲ್ಲೂ ಕೊಡಬೇಕು. ಹಸಿರು ಸಂಸ್ಕರಣೆಯ ಹೆಸರಿನಲ್ಲಿ ಯಾವುದೇ ಘಟಕ ಬಂದರೂ ಆ ಸಾರಾಂಶದಲ್ಲಿ ಹುಡುಕಬೇಕಾದದ್ದು ಇಷ್ಟು: ಟನ್ ಅದಿರಿಗೆ ನದಿಯಿಂದ ಎತ್ತುವ ಹೊಸ ನೀರು ಎಷ್ಟು, ಉಳಿಯುವ ಹೂಳು ಎಷ್ಟು ಟನ್, ಅದರಲ್ಲಿ ಕಬ್ಬಿಣ ಎಷ್ಟು, ಜುಲೈ ತಿಂಗಳಲ್ಲಿ ಆ ಹೂಳು ಎಲ್ಲಿರುತ್ತದೆ, ಕಂಪನಿ ಹೋದ ಮೇಲೆ ಅದನ್ನು ನೋಡಿಕೊಳ್ಳುವ ಹಣ ಯಾರ ಹೆಸರಿನಲ್ಲಿ ಠೇವಣಿಯಾಗಿದೆ. ವರ್ಷದ ಸರಾಸರಿ ಕೊಟ್ಟರೆ ಒಪ್ಪಬೇಡಿ, ತಿಂಗಳುವಾರು ಕೇಳಿ.